ಮಣ್ಣು, ಬೂಷ್ಟು, ರಕ್ತ

ಬೆಂಗಳೂರಿನ ಪಶ್ಚಿಮ ಭಾಗದ ನೆಲವು ಎಂಬತ್ತು ವರ್ಷಗಳೊಳಗೆ ಮೂರು ಸಲ ಗುದ್ದಲಿಗೆ ಎದೆಯೊಡ್ಡಿದೆ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಮುಂತಾದ ಗ್ರಾಮಗಳ ರಾಗಿಯ ಹೊಲಗಳೂ ತೋಪುಗಳೂ ನಿವೇಶನಗಳಾಗಿ ಮಾರ್ಪಟ್ಟುದು ಮೊದಲನೆಯ ಅಗೆತ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿದ ತರುವಾಯ, ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ಮೇಲೆದ್ದಿತು. ವಿಜಯನಗರವೂ ಬಸವೇಶ್ವರನಗರವೂ ಅದರ ಹಿಂದೆಯೇ ಬಂದುವು. ಆ ದಿನಗಳಲ್ಲಿ ಕಟ್ಟಿದ ಹೆಂಚಿನ ಮನೆಗಳನ್ನೂ ಒಂದಂಕಣದ ತಾರಸಿ ಮನೆಗಳನ್ನೂ ಕೆಡವಿ, ಅದೇ ತಳಪಾಯದ ಮೇಲೆ ನಾಲ್ಕು ಅಂತಸ್ತುಗಳನ್ನು ಎಬ್ಬಿಸಿದುದು ಎರಡನೆಯದು. ಮೂರನೆಯದು ಮೆಟ್ರೋ ರೈಲಿನದು: ರಾಜಾಜಿನಗರದ ಮೇಲೆ ಅದು 2014ರಲ್ಲಿ ಓಡಿತು, ವಿಜಯನಗರವನ್ನು ಹಾದು ಮೈಸೂರು ರಸ್ತೆಯನ್ನು 2015ರಲ್ಲಿ ಮುಟ್ಟಿತು, ವೃಷಭಾವತಿಯ ದಂಡೆಗುಂಟ ಸಾಗಿ ಕೆಂಗೇರಿಯನ್ನು 2021ರಲ್ಲಿ ಸೇರಿತು.

ಅಗೆದ ಮಣ್ಣಿನಿಂದ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಒಂದು ಬೀಜರಾಶಿ ತೇಲುತ್ತಿರುತ್ತದೆ. ಕೊಳೆತ ಎಲೆ, ಹಳೆಯ ಗಾರೆ, ನೆನೆದ ಮರ, ಮುಗ್ಗಿದ ಧಾನ್ಯ ಇವುಗಳ ಮೇಲೆ ಬೆಳೆಯತಕ್ಕ ಶಿಲೀಂಧ್ರಗಳ, ಎಂದರೆ ನಮ್ಮ ಅಡಿಗೆಮನೆಯ ಮಾತಿನ ಬೂಷ್ಟಿನ, ಬೀಜಕಣಗಳವು. ಆಸ್ಪರ್ಜಿಲಸ್ ಎಂಬ ಜಾತಿಯ ಬೀಜಕಣವು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲಿನಷ್ಟು ಮಾತ್ರ ಇರುವುದರಿಂದ ಮೂಗಿನ ರೋಮಗಳನ್ನೂ ಗಂಟಲಿನ ಲೋಳೆಯನ್ನೂ ತಪ್ಪಿಸಿಕೊಂಡು ಪುಪ್ಪುಸದ ಕೊನೆಯ ಗೂಡಿನ ಪರ್ಯಂತ ಇಳಿಯಬಲ್ಲುದು. ಪ್ರತಿದಿನವೂ ನಾವೆಲ್ಲರೂ ಇಂತಹ ನೂರಾರು ಕಣಗಳನ್ನು ಉಸಿರಿನೊಡನೆ ಒಳಗೆ ಸೆಳೆದುಕೊಳ್ಳುತ್ತೇವೆ. ಆದರೂ ನಮಗೆ ಏನೂ ಆಗುವುದಿಲ್ಲ. ರಕ್ತದ ಬಿಳಿಯ ಕಣಗಳಲ್ಲಿ ನ್ಯೂಟ್ರೋಫಿಲ್ ಎಂದು ಕರೆಯಲ್ಪಡುವ ಪಂಗಡವು ಮೊಳೆತ ಬೂಷ್ಟಿನ ಎಳೆಯನ್ನು ಅಲ್ಲಲ್ಲಿಯೇ ಹಿಡಿದು ಕೊಲ್ಲುತ್ತದೆ. ರಕ್ತದ ಕ್ಯಾನ್ಸರು ಈ ಪಂಗಡವನ್ನು ಕೆಡಿಸುತ್ತದೆ. ಕ್ಯಾನ್ಸರನ್ನು ಕೊಲ್ಲಲು ಕೊಡುವ ಔಷಧವು ಅಳಿದುಳಿದುದನ್ನೂ ಕೆಲವು ವಾರಗಳ ಮಟ್ಟಿಗೆ ಇಲ್ಲವಾಗಿಸುತ್ತದೆ. ಆ ಕೆಲವು ವಾರಗಳಲ್ಲಿ ಗಾಳಿಯ ಧೂಳು ಪ್ರಾಣಾಂತಿಕವಾಗುವುದು. ರೋಗಿಯ ಮನೆಯವರು 'ಕೌಂಟು ಇಳಿದಿದೆ' ಎಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವುದು ಈ ಅವಧಿಯನ್ನೇ.

ರಕ್ತದ ಕ್ಯಾನ್ಸರಿನ ಬೆನ್ನಿಗೆ ಬರುವ ಈ ಬೂಷ್ಟಿನ ರೋಗದ ಚರಿತ್ರೆಯನ್ನು ವೈದ್ಯರ ಚರಿತ್ರೆಯೆಂದು ಮಾತ್ರ ಹೇಳುವುದು ರೂಢಿಯಾಗಿದೆ. ಅದರಲ್ಲಿ ಸಸ್ಯಶಾಸ್ತ್ರಜ್ಞರ ಪಾಲು, ಅದರಲ್ಲಿಯೂ ಮೈಸೂರು ಸಂಸ್ಥಾನದಲ್ಲಿ ಎಲೆಯ ಚುಕ್ಕೆಯನ್ನೂ ತೆನೆಯ ಕಾಡಿಗೆಯನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತ ಕುಳಿತಿದ್ದವರ ಪಾಲು ಬಹು ದೊಡ್ಡದೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲಿನಿಂದ ಹೇಳುವುದಾದರೆ, ಆಸ್ಪರ್ಜಿಲಸ್ಸಿಗೆ ಹೆಸರಿಟ್ಟವನು ವೈದ್ಯನಲ್ಲ. 1729ರಲ್ಲಿ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೋ ಮಿಕೇಲಿ. ಅದು ಮನುಷ್ಯನ ಶರೀರದಲ್ಲಿಯೂ ಬೆಳೆಯಬಲ್ಲುದೆಂಬ ಸಂಗತಿ ತಿಳಿಯಲು ಮತ್ತೆ ನೂರು ವರ್ಷಗಳ ಮೇಲಾದುವು. ಎಡಿನ್‌ಬರೋ ನಗರದ ಜಾನ್ ಹ್ಯೂಸ್ ಬೆನೆಟ್ ಎಂಬ ವೈದ್ಯನು 1842ರಲ್ಲಿ ಒಬ್ಬ ರೋಗಿಯ ಪುಪ್ಪುಸದಲ್ಲಿ ಬೂಷ್ಟು ಬೆಳೆದುದನ್ನು ಕಂಡು ವರ್ಣಿಸಿದನು. 1856ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಷೋ ಅದೇ ಬಗೆಯ ರೋಗವನ್ನು ಸವಿಸ್ತಾರವಾಗಿ ಬರೆದನು. ಇವೆರಡು ಹೆಸರುಗಳನ್ನು ಓದಿದಾಗ ರಕ್ತರೋಗಗಳ ಇತಿಹಾಸವನ್ನು ಬಲ್ಲವರು ಬೆರಗಾಗದಿರಲಾರರು. ಏಕೆಂದರೆ 1845ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, ಬಿಳಿಯ ಕಣಗಳು ಮಿತಿಮೀರಿ ತುಂಬಿದ ರಕ್ತದ ರೋಗವನ್ನು ಪ್ರತ್ಯೇಕವಾದ ವ್ಯಾಧಿಯೆಂದು ಗುರುತಿಸಿದವರೂ ಇವರಿಬ್ಬರೇ. ಯಾರು ಮೊದಲು ಕಂಡರೆಂಬ ವಿಷಯದಲ್ಲಿ ಅವರೊಳಗೆ ವಿವಾದವೂ ನಡೆಯಿತು. 1847ರಲ್ಲಿ ವಿರ್ಷೋ ಇಟ್ಟ ಲ್ಯುಕೇಮಿಯಾ ಎಂಬ ಹೆಸರು ನಿಂತುಹೋಯಿತು. ರಕ್ತದ ಕ್ಯಾನ್ಸರನ್ನೂ ಪುಪ್ಪುಸದ ಬೂಷ್ಟನ್ನೂ ಲೋಕಕ್ಕೆ ತಿಳಿಸಿದವರು ಒಂದೇ ಜೋಡಿ. ಆದರೂ ಒಂದು ಇನ್ನೊಂದರ ಬೆನ್ನಿಗೆ ಬರುವ ರೋಗವೆಂದು ಅವರಿಗೆ ತೋರಲು ಕಾರಣವಿರಲಿಲ್ಲ. ಆ ಕಾಲದಲ್ಲಿ ಲ್ಯುಕೇಮಿಯಾದ ರೋಗಿಯು ಬೂಷ್ಟು ಬಂದು ಸೇರುವಷ್ಟು ದಿನ ಬದುಕುತ್ತಲೇ ಇರಲಿಲ್ಲ.

ಆ ದಿನಗಳನ್ನು ಕೊಟ್ಟುದು ಚಿಕಿತ್ಸೆ. 1948ರಲ್ಲಿ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್, ತೀವ್ರವಾದ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ಅವರಲ್ಲಿ 10 ಮಂದಿ ಸ್ವಲ್ಪ ಕಾಲದ ಮಟ್ಟಿಗೆ ಚೇತರಿಸಿದರೆಂದು ಪ್ರಕಟಿಸಿದನು. ಆ ಔಷಧವು ತಯಾರಾದುದು ಲೆಡರ್ಲೆ ಪ್ರಯೋಗಶಾಲೆಯಲ್ಲಿ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಭೀಮಾವರದಲ್ಲಿ ಹುಟ್ಟಿದ ತೆಲುಗರು, ಯಲ್ಲಾಪ್ರಗಡ ಸುಬ್ಬರಾವ್. ಔಷಧಗಳು ಹೆಚ್ಚಿದಂತೆ ರೋಗಿಗಳು ವಾರಗಳ ಬದಲು ತಿಂಗಳುಗಳನ್ನೂ, ತಿಂಗಳುಗಳ ಬದಲು ವರ್ಷಗಳನ್ನೂ ಕಂಡರು. ಅದರೊಡನೆಯೇ ಹೊಸದೊಂದು ಮರಣಕಾರಣವು ತಲೆಯೆತ್ತಿತು. 1953ರಲ್ಲಿ ರಾಂಕಿನ್ ಎಂಬವರು ಬಿಳಿಯ ಕಣಗಳು ಇಲ್ಲವಾಗಿ ಪ್ರತಿಜೈವಿಕಗಳನ್ನು ಪಡೆಯುತ್ತಿದ್ದ ರೋಗಿಯ ಶರೀರದ ತುಂಬ ಆಸ್ಪರ್ಜಿಲಸ್ ಹಬ್ಬಿದುದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಹತ್ತು ವರ್ಷಗಳಲ್ಲಿ ತೀವ್ರ ಲ್ಯುಕೇಮಿಯಾದಿಂದ ತೀರಿಕೊಂಡ 414 ರೋಗಿಗಳ ಮರಣಕಾರಣಗಳನ್ನು ತೂಗಿನೋಡಿದಾಗ, ಬಿಂಬಾಣುಗಳನ್ನು ಕೊಡುವ ಕ್ರಮ ಬಂದು ರಕ್ತಸ್ರಾವದ ಸಾವು ಇಳಿದಂತೆ ಸೋಂಕಿನ ಸಾವು ಮೇಲೆದ್ದಿತ್ತು. ಅದರಲ್ಲಿ ಶಿಲೀಂಧ್ರಗಳ ಪಾಲು ಏರುತ್ತ ಬಂದಿತ್ತು. ಮರುವರ್ಷ ಅದೇ ಸಂಸ್ಥೆಯ ಜೆರಾಲ್ಡ್ ಬೋಡಿ, 52 ರೋಗಿಗಳ ರಕ್ತವನ್ನು ದಿನದಿನವೂ ಎಣಿಸಿ, ಕಣಗಳ ಸಂಖ್ಯೆ ಇಳಿದಷ್ಟೂ, ಇಳಿದು ನಿಂತ ದಿನಗಳು ಹೆಚ್ಚಿದಷ್ಟೂ ಸೋಂಕು ಹೆಚ್ಚುವುದೆಂದು ಲೆಕ್ಕದ ರೂಪದಲ್ಲಿ ತೋರಿಸಿದನು. ಒಂದು ಘನ ಮಿಲಿಮೀಟರಿನಲ್ಲಿ 500ಕ್ಕೆ ಕೆಳಗೆ ಅಪಾಯ, 100ಕ್ಕೆ ಕೆಳಗೆ ಘೋರವಾದ ಅಪಾಯ ಎಂಬ ಇಂದಿನ ಆಸ್ಪತ್ರೆಗಳ ನಿಯಮಕ್ಕೆ ಆಧಾರ ಆ ಲೆಕ್ಕವೇ.

ಹೀಗೆ ರೋಗವು ಆಸ್ಪತ್ರೆಯಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಅದರ ಮದ್ದನ್ನು ಹುಡುಕುತ್ತಿದ್ದವರು ಹೊಲದಲ್ಲಿದ್ದರು. ಮಣ್ಣಿನಲ್ಲಿ ಬೂಷ್ಟಿನೊಡನೆ ಸೆಣಸಿ ಬಾಳತಕ್ಕ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ಕೊಲ್ಲುವ ವಿಷವನ್ನೂ ಸ್ರವಿಸುತ್ತವೆ. ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ವರ್ಜೀನಿಯಾದ ಒಂದು ಹೊಲದ ಮಣ್ಣಿನಿಂದ ನಿಸ್ಟಾಟಿನ್ ಎಂಬುದನ್ನು ತೆಗೆದು 1950ರಲ್ಲಿ ಪ್ರಕಟಿಸಿದರು. ಅದು ಬಾಯಿಹುಣ್ಣಿಗೆ ಆಗುತ್ತಿತ್ತೇ ಹೊರತು ರಕ್ತಕ್ಕೆ ಕೊಡುವಂತಿರಲಿಲ್ಲ. ವೆನೆಜುವೇಲಾದ ಒರಿನೋಕೋ ನದಿಯ ತೀರದ ಮಣ್ಣಿನಿಂದ ಸ್ಕ್ವಿಬ್ ಕಂಪೆನಿಯವರು ಪಡೆದ ಆಂಫೊಟೆರಿಸಿನ್ ಬಿ ಆ ಕೊರತೆಯನ್ನು ತುಂಬಿತು. 1950ರ ದಶಕದ ಕೊನೆಯಿಂದ ಹಲವು ದಶಕಗಳ ಕಾಲ ಒಳಗೆ ಹಬ್ಬಿದ ಶಿಲೀಂಧ್ರಕ್ಕೆ ಅದೊಂದೇ ನಂಬಿಕೆಯ ಮದ್ದಾಗಿದ್ದಿತು. ಆದರೆ ಅದನ್ನು ರಕ್ತನಾಳಕ್ಕೆ ಹನಿಸಿದೊಡನೆ ಹಲ್ಲು ಕಟಕಟಿಸುವ ಚಳಿಯೂ ಜ್ವರವೂ ಬರುತ್ತಿದ್ದುವು; ದಿನ ಕಳೆದಂತೆ ಮೂತ್ರಪಿಂಡಗಳು ಸೋಲುತ್ತಿದ್ದುವು.

ಇಲ್ಲಿ ನಮ್ಮ ನಾಡಿನ ಮಾತು ಬರುತ್ತದೆ. ಮೈಸೂರು ಸಂಸ್ಥಾನವು ಶಿಲೀಂಧ್ರಶಾಸ್ತ್ರಕ್ಕೆ ಹೊಸದಾಗಿ ಕಣ್ತೆರೆದ ನಾಡಲ್ಲ. ಮಲೆನಾಡಿನ ಅಡಕೆಯ ತೋಟಗಳನ್ನು ಮಳೆಗಾಲದಲ್ಲಿ ಹಾಳುಗೆಡವುತ್ತಿದ್ದ ಕೊಳೆರೋಗವನ್ನು ಅಭ್ಯಾಸ ಮಾಡಲೆಂದೇ ಬಂದವರಂತೆ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಸಂಸ್ಥಾನದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ನೇಮಕಗೊಂಡು, ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. (ಆ ರೋಗದ ಜೀವಿಯನ್ನು ಇಂದಿನ ವರ್ಗೀಕರಣವು ನಿಜವಾದ ಶಿಲೀಂಧ್ರವೆಂದು ಒಪ್ಪುವುದಿಲ್ಲ, ಆದರೆ ಅದರ ಮೇಲೆ ನಡೆದ ಶ್ರಮವು ಶಿಲೀಂಧ್ರಶಾಸ್ತ್ರದ ಶ್ರಮವೇ.) ಅದೇ ನಾಡಿನಲ್ಲಿ 1914ರಲ್ಲಿ ಹುಟ್ಟಿದ ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಗಿಡಗಳ ತುಕ್ಕುರೋಗ ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಒಂದರ ಮೇಲೊಂದಾಗಿ ವರ್ಣಿಸುತ್ತ ಹೋದರು. ತರುವಾಯ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಅಭ್ಯಾಸ ಮಾಡಿ ಹಿಂದಿರುಗಿ, ಪುಣೆಯ ಹತ್ತಿರ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾಗಿದ್ದ ಸರ್ಕಾರಿ ಕಾರ್ಖಾನೆ ಹಿಂದುಸ್ತಾನ್ ಆಂಟಿಬಯಾಟಿಕ್ಸ್‌ನ ಸಂಶೋಧನಾ ವಿಭಾಗಕ್ಕೆ ಮುಖ್ಯಸ್ಥರಾದರು.

ಪೆನಿಸಿಲಿನ್ನನ್ನು ದೇಶದೊಳಗೇ ತಯಾರಿಸಿ ಬಡವನ ಕೈಗೆ ಮುಟ್ಟಿಸುವುದು ಆ ಕಾರ್ಖಾನೆಯ ಮೊದಲ ಗುರಿ. ಎಲೆಯ ರೋಗವನ್ನು ನೋಡಿ ಪಳಗಿದ್ದ ತಿರುಮಲಾಚಾರ್ ಅವರ ಕಣ್ಣು ಅಲ್ಲಿಗೆ ನಿಲ್ಲಲಿಲ್ಲ. ಪಿಂಪ್ರಿಯ ಮಣ್ಣನ್ನೇ ತೆಗೆದು, ಅದರಲ್ಲಿ ಬೆಳೆದ ಸ್ಟ್ರೆಪ್ಟೊಮೈಸಿಸ್ ಒಂದಕ್ಕೆ ಆ ಊರಿನ ಹೆಸರಿನಿಂದಲೇ ಪಿಂಪ್ರಿನಾ ಎಂದು ನಾಮಕರಣ ಮಾಡಿ, ಅದು ಸ್ರವಿಸಿದ ಶಿಲೀಂಧ್ರನಾಶಕವನ್ನು ಅವರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಹ್ಯಾಮೈಸಿನ್ ಎಂಬ ಹೆಸರಿನಿಂದ ಲೋಕದ ಮುಂದಿಟ್ಟರು. ಡರ್ಮೊಸ್ಟಾಟಿನ್ ಎಂಬುದು ಚರ್ಮದ ಹುಳುಕಡ್ಡಿಗೆ ಬಂದಿತು. ಆರಿಯೊಫಂಗಿನ್ ಎಂಬುದು ಬೆಳೆಗಳ ರೋಗಕ್ಕೆ ಬಳಕೆಯಾಯಿತು. ಹ್ಯಾಮೈಸಿನ್ನನ್ನು ಬಾಯಿಯ ಮೂಲಕ ಕೊಟ್ಟು ಒಳಗೆ ಹಬ್ಬಿದ ಶಿಲೀಂಧ್ರವನ್ನು ತಡೆಯಬಹುದೇ ಎಂದು 1960ರ ದಶಕದಲ್ಲಿ ಅಮೆರಿಕದ ವೈದ್ಯರೂ ಪರೀಕ್ಷಿಸಿದರು. ಬ್ಲಾಸ್ಟೊಮೈಕೋಸಿಸ್ ಎಂಬ ರೋಗದ ಕೆಲವರಲ್ಲಿ ಗುಣವೂ ಕಂಡಿತು. ಆದರೆ ಅದು ಕರುಳಿನಿಂದ ರಕ್ತಕ್ಕೆ ಸೇರುವ ಪ್ರಮಾಣ ಒಬ್ಬರಲ್ಲಿ ಇದ್ದಂತೆ ಇನ್ನೊಬ್ಬರಲ್ಲಿ ಇರಲಿಲ್ಲವಾದುದರಿಂದ ಆಂಫೊಟೆರಿಸಿನ್ನಿನ ಸ್ಥಾನವನ್ನು ಹಿಡಿಯಲಾಗದೆ ಹೋಯಿತು; ಬಾಯಿ, ಕಿವಿ ಮೊದಲಾದ ಎಡೆಗಳ ಸೋಂಕಿಗೆ ಮಾತ್ರ ಉಳಿಯಿತು. ಇದನ್ನು ಸೋಲೆಂದು ಬಗೆಯುವುದು ನನಗೆ ಸರಿದೋರದು. ಸ್ವಾತಂತ್ರ್ಯ ಬಂದು ಹದಿನೈದು ವರ್ಷವೂ ತುಂಬದ ದೇಶದಲ್ಲಿ, ತನ್ನ ಕಾಲ ಕೆಳಗಿನ ಮಣ್ಣಿನಿಂದಲೇ ಇಂಥದೊಂದು ವಸ್ತುವನ್ನು ತೆಗೆದು ಜಗತ್ತಿನ ಆಸ್ಪತ್ರೆಗಳ ಪರೀಕ್ಷೆಗೆ ಒಡ್ಡಿದ ಕನ್ನಡ ನಾಡಿನ ವಿಜ್ಞಾನಿಯ ಹೆಸರು ಬೆಂಗಳೂರಿನ ಒಂದು ಬೀದಿಗಾದರೂ ಇರಬೇಕಾಗಿತ್ತೆಂದು ಹಂಬಲಿಸುತ್ತೇನೆ.

ಆ ಕಾಲದ ರಾಜಾಜಿನಗರದಲ್ಲಿ ಒಬ್ಬ ಕಾರ್ಮಿಕನ ಮಗುವಿಗೆ ರಕ್ತದ ಕ್ಯಾನ್ಸರು ಬಂದಿದ್ದರೆ ಏನಾಗುತ್ತಿತ್ತು? ಸೋಪ್ ಫ್ಯಾಕ್ಟರಿಯೂ ಮೋಟಾರು, ಲ್ಯಾಂಪುಗಳ ಕಾರ್ಖಾನೆಗಳೂ ಸುತ್ತ ಬೆಳೆದಿದ್ದುವು. 1948ರ ಕಾಯಿದೆಯ ಫಲವಾಗಿ ಕೂಲಿಯಿಂದ ಮುರಿದುಕೊಂಡ ಹಣವೂ ಮಾಲೀಕರ ವಂತಿಗೆಯೂ ಕೂಡಿ ನಡೆಯುವ ಇ.ಎಸ್.ಐ. ಆಸ್ಪತ್ರೆಯು ಬಡಾವಣೆಗೆ ಬಂದಿತು. ಹೆರಿಗೆ, ಕ್ಷಯ, ಯಂತ್ರಕ್ಕೆ ಸಿಕ್ಕ ಕೈಬೆರಳು, ಇವಕ್ಕೆಲ್ಲ ಅಲ್ಲಿ ನೆರವುಂಟಾಯಿತು. ರಕ್ತದ ಕ್ಯಾನ್ಸರಿಗಾದರೋ ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಆಸ್ಪತ್ರೆಯೋ, 1954ರಲ್ಲಿ ಮದರಾಸಿನ ಅಡೆಯಾರಿನಲ್ಲಿ ಹುಟ್ಟಿದ ಕ್ಯಾನ್ಸರ್ ಸಂಸ್ಥೆಯೋ, ವೇಲೂರೋ ಗತಿಯಾಗಿತ್ತು. 1973ರಲ್ಲಿ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು ತೆರೆದ ಮೇಲೆ ಮಾತ್ರ ಬೆಂಗಳೂರಿನವರು ಊರಿನಲ್ಲಿಯೇ ಚಿಕಿತ್ಸೆಯನ್ನು ಪಡೆಯುವಂತಾಯಿತು. 1982ರಿಂದ ನಗರದ ಕ್ಯಾನ್ಸರು ರೋಗಿಗಳ ನೋಂದಣಿಯೂ ಅಲ್ಲಿಯೇ ಆರಂಭವಾಯಿತು. ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲಿ, ವೇಲೂರಿನಲ್ಲಿ 1986ರಲ್ಲಿ ಅಸ್ಥಿಮಜ್ಜೆಯ ಕಸಿ ಮೊದಲಾಯಿತು. ಹಾಗೆ ಬದುಕಿ ಉಳಿಯುವ ದಾರಿ ತೆರೆದಂತೆಲ್ಲ ಬೂಷ್ಟಿಗೂ ದಾರಿ ತೆರೆಯಿತು.

ಆಸ್ಪರ್ಜಿಲಸ್ಸಿನ ಸಂಗಡ ಅಪರೂಪದ ಶಿಲೀಂಧ್ರಗಳೂ ಒಂದೊಂದಾಗಿ ಬಂದುವು. ಇವುಗಳಲ್ಲಿ ಕನ್ನಡಿಗರು ಮರೆಯಲಾಗದುದು ಫ್ಯೂಸೇರಿಯಂ. ನಂಜನಗೂಡಿನ ರಸಬಾಳೆಯ ತೋಟಗಳನ್ನು ಪನಾಮಾ ಸೊರಗುರೋಗವು ಬಹುಮಟ್ಟಿಗೆ ಬರಿದುಮಾಡಿದುದನ್ನು ಹಿರಿಯರು ಬಲ್ಲರು. ತೊಗರಿಯ ಗಿಡವನ್ನು ನಿಂತಂತೆಯೇ ಒಣಗಿಸುವ ಸೊರಗುರೋಗವೂ ಇದೇ ಕುಲದ ಶಿಲೀಂಧ್ರದ್ದು. ಈ ಕುಲದ ಬಂಧುಗಳು ನ್ಯೂಟ್ರೋಫಿಲ್‌ಗಳು ಇಲ್ಲದ ರೋಗಿಯಲ್ಲಿ ಸಹ ಹಬ್ಬಬಲ್ಲುವೆಂದು 1970ರ ದಶಕದಲ್ಲಿ ತಿಳಿದುಬಂದಿತು. ಕಾಲಿನ ಉಗುರಿನ ಬುಡದಲ್ಲಿ ಹಳೆಯ ಹುಣ್ಣೊಂದು ಇದ್ದರೆ ಅಲ್ಲಿಂದ ಒಳನುಗ್ಗಿ, ಮೈಮೇಲೆ ನೋವಿನ ಕೆಂಪು ಗಂಟುಗಳಾಗಿ ಎದ್ದು, ನಡುವೆ ಕಪ್ಪಗಾಗುತ್ತದೆ. ಆಸ್ಪರ್ಜಿಲಸ್ ರಕ್ತದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೆಳೆಯದು. ಫ್ಯೂಸೇರಿಯಂ ಎಷ್ಟೋ ವೇಳೆ ಬೆಳೆಯುತ್ತದೆ. ಆದುದರಿಂದ ಕೀಮೋ ಆರಂಭಿಸುವ ಮುನ್ನ ಪಾದಗಳನ್ನು ನೋಡತಕ್ಕ ವೈದ್ಯನು, ಬರಿಗಾಲಿನಲ್ಲಿ ನಡೆದು ದುಡಿದವರ ನಾಡಿನಲ್ಲಿ, ಅನವಶ್ಯಕವಾದ ಕೆಲಸವನ್ನೇನೂ ಮಾಡುತ್ತಿರುವುದಿಲ್ಲ.

ಟ್ರೈಕೊಸ್ಪೊರಾನ್, ಸ್ಕೆಡೊಸ್ಪೋರಿಯಂ, ಸ್ಯಾಪ್ರೊಕೀಟೆ ಎಂಬ ಇನ್ನೂ ಹಲವುಂಟು. ಕೆಲವಕ್ಕೆ ಇಂದಿಗೂ ಒಪ್ಪುವ ಮದ್ದು ಸಿಗುವುದು ಕಷ್ಟ. ಕ್ಯಾಂಡಿಡಾ ಎಂಬುದಾದರೋ ವಿಚಿತ್ರವಾದ ರೀತಿಯಲ್ಲಿ ವರ್ತಿಸುತ್ತದೆ. ಬಿಳಿಯ ಕಣಗಳು ಮತ್ತೆ ಹುಟ್ಟಿಕೊಂಡು, ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುವ ಹೊತ್ತಿನಲ್ಲಿಯೇ ಜ್ವರವು ನಿಲ್ಲದೆ, ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಸಣ್ಣ ಸಣ್ಣ ಗೂಡುಗಳು ಕಾಣಿಸಿಕೊಳ್ಳುತ್ತವೆ.

ಕಪ್ಪು ಶಿಲೀಂಧ್ರವೆಂದು 2021ರ ಮೇ ತಿಂಗಳಲ್ಲಿ ಪತ್ರಿಕೆಗಳೆಲ್ಲ ಬರೆದ ಮ್ಯೂಕರ್‌ಮೈಕೋಸಿಸ್ ಕೋವಿಡ್ಡಿನ ಸಂಗಡ ಹುಟ್ಟಿದ ರೋಗವೇನೂ ಅಲ್ಲ. ಆರ್ನೋಲ್ಡ್ ಪಾಲ್ಟಾಫ್ 1885ರಲ್ಲಿಯೇ ಅದನ್ನು ಮನುಷ್ಯನಲ್ಲಿ ವರ್ಣಿಸಿದ್ದನು; ರಕ್ತರೋಗದ ವಾರ್ಡುಗಳವರು ಅದನ್ನು ದಶಕಗಳಿಂದ ಎದುರಿಸಿದ್ದರು. ಸಕ್ಕರೆ ಕಾಯಿಲೆಯೂ ಸ್ಟೆರಾಯ್ಡೂ ಒಟ್ಟುಗೂಡಿ ಅದನ್ನು ಮನೆಮನೆಗೆ ತಂದಾಗ ಕರ್ನಾಟಕ ಸರ್ಕಾರವು ಅದನ್ನು ವರದಿಮಾಡಲೇಬೇಕಾದ ರೋಗವೆಂದು ಸಾರಿತು. ಆಂಫೊಟೆರಿಸಿನ್ನಿಗಾಗಿ ಜನರು ಅಂಗಡಿಯಿಂದ ಅಂಗಡಿಗೆ ಅಲೆದರು. ಆ ವೇಳೆಗೆ ಅದನ್ನು ಕೊಬ್ಬಿನ ಸಣ್ಣ ಗುಳ್ಳೆಗಳೊಳಗೆ ಅಡಗಿಸಿ ಮೂತ್ರಪಿಂಡಕ್ಕೆ ಹಿತವಾಗುವಂತೆ ಮಾಡಿದ ರೂಪವು ಬಂದು ಮೂವತ್ತು ವರ್ಷಗಳಾಗಿದ್ದುವು. ಭಾರತದಲ್ಲಿಯೂ ದಿಲ್ಲಿ ವಿಶ್ವವಿದ್ಯಾನಿಲಯದ ಬಿ. ಕೆ. ಬಚಾವತ್ ಅವರ ತಂಡವೂ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯವರೂ ಸೇರಿ ಅಂಥದೊಂದನ್ನು ಸಿದ್ಧಪಡಿಸಿದ್ದರು. ಆದರೆ ಎಲ್ಲರಿಗೂ ಒಮ್ಮೆಲೇ ಬೇಕಾದಾಗ ಅದು ಸಾಲದಾಯಿತು. 2002ರಿಂದ ಆಸ್ಪರ್ಜಿಲಸ್ಸಿಗೆ ಮೊದಲ ಮದ್ದೆನಿಸಿರುವ ವೊರಿಕೊನಜೋಲ್, ಮ್ಯೂಕರಿನ ಮೇಲೆ ಏನೂ ಮಾಡಲಾರದು. ಯಾವ ಬೂಷ್ಟೆಂದು ತಿಳಿಯದೆ ಮದ್ದು ಕೊಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದೇ ಸಾಕು.

ಕೀಮೋಗಳ ನಡುವಿನ ದಿನಗಳನ್ನು ರೋಗಿಯು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಬಸವೇಶ್ವರನಗರದ ಒಂದು ಎರಡು ಕೋಣೆಯ ಮನೆಯಲ್ಲಿ. ಕಟ್ಟಡ ಕೆಡವುವ ಕೆಲಸ ನಡೆದ ಆಸ್ಪತ್ರೆಗಳಲ್ಲಿ ಆಸ್ಪರ್ಜಿಲಸ್ ರೋಗವು ಗುಂಪುಗುಂಪಾಗಿ ಕಾಣಿಸಿಕೊಂಡುದು ಅನೇಕ ದೇಶಗಳಲ್ಲಿ ದಾಖಲಾಗಿದೆ. ಅದರ ಫಲವಾಗಿಯೇ ಕಸಿಯ ವಾರ್ಡುಗಳಿಗೆ, ಮಿಲಿಮೀಟರಿನ ಹತ್ತು ಸಾವಿರದ ಮೂರು ಪಾಲಿನಷ್ಟು ಸಣ್ಣ ಕಣವನ್ನೂ ತಡೆಹಿಡಿಯುವ ಹೆಪಾ ಶೋಧಕಗಳು ಬಂದುವು. ಹೂವನ್ನೂ ಕುಂಡದ ಗಿಡವನ್ನೂ ಒಳಗೆ ಬಿಡದಿರುವ ನಿಯಮವೂ ಬಂದಿತು. ಪಕ್ಕದ ನಿವೇಶನದಲ್ಲಿ ಹಳೆಯ ಮನೆ ಕೆಡವುತ್ತಿರುವ ಬೀದಿಯಲ್ಲಿ ಶೋಧಕವೆಲ್ಲಿಂದ ಬರಬೇಕು? ಅಲ್ಲಿ ತಾಯಿಯೊಬ್ಬಳು ಕಿಟಕಿಗೆ ಒದ್ದೆಯ ಬಟ್ಟೆ ಕಟ್ಟುತ್ತಾಳೆ, ಮುಗ್ಗಿದ ಕಡಲೆಕಾಯಿಯನ್ನೂ ನಿನ್ನೆಯ ಚಟ್ನಿಯನ್ನೂ ಮುಟ್ಟಗೊಡುವುದಿಲ್ಲ, ತುಳಸಿಯ ಕಟ್ಟೆಯ ಮಣ್ಣನ್ನು ಮಗನ ಬದಲು ತಾನೇ ಕೆದಕುತ್ತಾಳೆ, ದೇವರ ಮನೆಯ ಬಾಡಿದ ಹೂವನ್ನು ಬೆಳಗಾಗುವ ಮುನ್ನ ಹೊರಗೆ ಹಾಕುತ್ತಾಳೆ. ಕೀಳಲಾಗದ ವೈರಿಯ ವಿರುದ್ಧ ಮನೆಯೊಳಗೆ ನಡೆಯುವ ಈ ಮಡಿಯನ್ನು ಕಂಡವರು ಅದನ್ನು ಅತಿರೇಕವೆನ್ನಲಾರರು.

ಅಪರೂಪದ ಬೂಷ್ಟಿನ ವಿಷಯದಲ್ಲಿ ಎಲ್ಲವೂ ನಿಲ್ಲುವುದು ಅದನ್ನು ಗುರುತಿಸುವ ಕಣ್ಣಿನ ಮೇಲೆ. ತಿರುಮಲಾಚಾರ್ ಅವರು ಪಿಂಪ್ರಿಯಲ್ಲಿ ಔಷಧಗಳೊಡನೆ ಅಂಥ ಕಣ್ಣುಗಳನ್ನೂ ತಯಾರಿಸಿದರು. ಎಂ. ಸಿ. ಶ್ರೀನಿವಾಸನ್ ಅವರೊಡನೆ ಕೂಡಿ ಅವರು 1960ರ ದಶಕದಲ್ಲಿ ಭಾರತದ ಕೊನಿಡಿಯೊಬೊಲಸ್, ಬೇಸಿಡಿಯೊಬೊಲಸ್ ಶಿಲೀಂಧ್ರಗಳನ್ನು ವಿಂಗಡಿಸಿ ಬರೆದುದು, ದಕ್ಷಿಣ ಭಾರತದಲ್ಲಿ ಮೂಗನ್ನೂ ಚರ್ಮವನ್ನೂ ಊದಿಸುವ ರೋಗಗಳನ್ನು ಕಂಡ ವೈದ್ಯರಿಗೆ ಆಧಾರವಾಯಿತು. ಅದೇ ಪ್ರಯೋಗಶಾಲೆಯಲ್ಲಿ ಅವರೊಡನೆ ಕೆಲಸ ಮಾಡಿದ ಅರವಿಂದ ಪಾಧ್ಯೆ ಅವರು ಮುಂದೆ ಅಮೆರಿಕದ ಅಟ್ಲಾಂಟಾದ ರೋಗನಿಯಂತ್ರಣ ಕೇಂದ್ರಕ್ಕೆ ಹೋಗಿ, ಬೇರೆಯವರು ಗುರುತಿಸಲಾರದ ಶಿಲೀಂಧ್ರಗಳನ್ನು ಗುರುತಿಸುವವರೆಂದು ಹೆಸರಾದರು. ತಿರುಮಲಾಚಾರ್ ಅವರು ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಸಂಶೋಧನೆಯನ್ನು ಮುಂದುವರಿಸಿ 1999ರಲ್ಲಿ ತೀರಿಕೊಂಡರು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಂತ ಗಮನಕ್ಕೆ ಯೋಗ್ಯವಾದ 19 ಶಿಲೀಂಧ್ರಗಳ ಪಟ್ಟಿಯನ್ನು ಮೊಟ್ಟಮೊದಲ ಬಾರಿಗೆ ಹೊರಡಿಸಿತು. ಆಸ್ಪರ್ಜಿಲಸ್, ಮ್ಯೂಕರಿನ ಬಳಗ, ಫ್ಯೂಸೇರಿಯಂ ಎಲ್ಲವೂ ಅದರಲ್ಲಿವೆ. ಬೆಳೆಗೆ ಹೊಡೆಯುವ, ವೊರಿಕೊನಜೋಲಿನ ಬಳಗದವೇ ಆದ ಅಜೋಲ್ ವರ್ಗದ ಔಷಧಗಳಿಗೆ ಒಗ್ಗಿಹೋದ ಆಸ್ಪರ್ಜಿಲಸ್ಸು ಹೊಲದಿಂದ ವಾರ್ಡಿಗೆ ಬರುತ್ತಿರುವುದನ್ನು ಮೊದಲು ಹಾಲೆಂಡಿನವರೂ, ತರುವಾಯ ಭಾರತದವರೂ ಕಂಡಿದ್ದಾರೆ. ರೋಗಿಯ ಪುಪ್ಪುಸದಿಂದ ತೆಗೆದ ಬೂಷ್ಟು ಯಾವುದೆಂದು ತಿಳಿಯದಾದಾಗ ದೇಶದ ಪ್ರಯೋಗಶಾಲೆಗಳು ಅದನ್ನು ಚಂಡೀಗಢದ ಪಿ.ಜಿ.ಐ.ಯಲ್ಲಿರುವ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹಕ್ಕೆ ಕಳುಹಿಸುತ್ತವೆ. ಅಲ್ಲಿ ವಂಶವಾಹಿಯನ್ನು ಓದುವ ಯಂತ್ರಗಳುಂಟು. ಅವುಗಳ ಮಗ್ಗುಲಲ್ಲಿ ಸೂಕ್ಷ್ಮದರ್ಶಕವೂ ಉಂಟು. ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಎಲೆಯೊಂದನ್ನು ಮುಂದಿಟ್ಟುಕೊಂಡು ಕೇಳುತ್ತಿದ್ದಂತೆ, ಎಳೆಗೆ ಅಡ್ಡಗೋಡೆಗಳಿವೆಯೇ, ಕವಲು ಯಾವ ಕೋನದಲ್ಲಿ ಒಡೆದಿದೆ, ಬೀಜಕಣವು ಕಾಂಡದ ಮೇಲೆ ಹೇಗೆ ಕುಳಿತಿದೆ ಎಂಬ ಪ್ರಶ್ನೆಗಳನ್ನು ಅಲ್ಲಿನವರು ಈಗಲೂ ಕೇಳುತ್ತಾರೆ. ಕೊಡಬೇಕಾದುದು ವೊರಿಕೊನಜೋಲೋ ಆಂಫೊಟೆರಿಸಿನ್ನೋ ಎಂಬುದು ಅದರ ಉತ್ತರವನ್ನು ಅವಲಂಬಿಸಿರುತ್ತದೆ.